ಲಿಫ್ಟಿಗೆ ಸಿಕ್ಕ ಒಂದು ಹೂವು

ಕೊಳೆಗೇರಿಯ ಗುಡಿಸಲುಗಳನ್ನು ಕೆಡವಿ, ಅದೇ ಜಾಗದಲ್ಲಿ ಅಲ್ಲಿನವರಿಗೇ ಐದಂತಸ್ತಿನ ಕಟ್ಟಡ ಕಟ್ಟಿಕೊಟ್ಟರು. ಅದರ ಹೊಸ ಲಿಫ್ಟಿಗೆ ಜಂಬವೋ ಜಂಬ. ಒಂದು ಸಂಜೆ ತರಕಾರಿ ಮಾರುವ ದ್ಯಾವಮ್ಮ, ಹೊರಗೆ ಬಿಟ್ಟರೆ ಕಳ್ಳರು ಚಕ್ರ ಕಳಚುತ್ತಾರೆಂದು, ತನ್ನ ತಳ್ಳುಗಾಡಿಯನ್ನು ಲಿಫ್ಟಿನ ಬಾಗಿಲಿಗೆ ತಂದಳು. ಬಾಗಿಲು ಕಿರಿದಾಗಿ ಗಾಡಿ ಒಳಗೆ ಹೋಗಲಿಲ್ಲ.

"ನಾನು ಆರು ಜನರನ್ನು ಹೊರುವವನು. ನಿನ್ನಂಥ ಮುರುಕು ಗಾಡಿಗೆ ಇಲ್ಲೇನು ಕೆಲಸ?" ಎಂದು ಲಿಫ್ಟು ಗದರಿತು.

"ನಾನೂ ಇವಳ ಮನೆಯ ಆರು ಜನರನ್ನು ಹೊತ್ತಿದ್ದೇನೆ ಸ್ವಾಮಿ, ಇಪ್ಪತ್ತು ವರ್ಷ," ಎಂದಿತು ಗಾಡಿ.

ಲಿಫ್ಟು ನಕ್ಕುಬಿಟ್ಟಿತು. ದ್ಯಾವಮ್ಮ ಗಾಡಿಯನ್ನು ಅಂಗಳದ ಬೇವಿನ ಮರಕ್ಕೆ, ನೆರೆಯವರ ಗಾಡಿಗಳ ಪಕ್ಕದಲ್ಲಿ, ಸರಪಳಿಯಿಂದ ಕಟ್ಟಿ, ನಾಲ್ಕನೇ ಮಹಡಿಯ ತನ್ನ ಮನೆಯ ಕಿಟಕಿಯಿಂದ ಗಳಿಗೆಗೊಮ್ಮೆ ಇಣುಕತೊಡಗಿದಳು.

ಆಯುಧಪೂಜೆ ಬಂತು. ಎಲ್ಲ ಮಹಡಿಗಳಿಂದಲೂ ಜನ ಕುಂಕುಮ, ಚೆಂಡುಹೂವಿನ ತಟ್ಟೆ ಹಿಡಿದು ಬಂದದ್ದನ್ನು ಕಂಡು ಲಿಫ್ಟು ಉಬ್ಬಿಹೋಯಿತು. ಪೂಜೆ ತನಗಲ್ಲದೆ ಇನ್ಯಾರಿಗೆ? ಆದರೆ ಅವರು ಲಿಫ್ಟಿನಲ್ಲಿ ಕೆಳಗಿಳಿದು ನೆಟ್ಟಗೆ ಮರದಡಿಗೆ ನಡೆದರು. ತಂತಮ್ಮ ಗಾಡಿಗಳಿಗೆ ಹೂ ಮುಡಿಸಿ, ಚಕ್ರದಡಿ ನಿಂಬೆಹಣ್ಣಿಟ್ಟು, ಅನ್ನ ಕೊಟ್ಟ ತಾಯಿಗೆ ಮುಗಿದಂತೆ ಕೈಮುಗಿದರು. ಬಾಗಿಲು ತೆರೆದುಕೊಂಡೇ ನೋಡುತ್ತಿದ್ದ ಲಿಫ್ಟಿಗೆ ತನ್ನ ನಗು ನೆನಪಾಗಿ ನಾಚಿಕೆಯಾಯಿತು.

"ತಪ್ಪಾಯಿತಮ್ಮಾ," ಎಂದಿತು, ದ್ಯಾವಮ್ಮ ಮರಳಿ ಬಂದಾಗ.

ಅವಳು ತಟ್ಟೆಯಲ್ಲಿ ಉಳಿದಿದ್ದ ಒಂದೇ ಹೂವನ್ನು ಅದರ ಬಾಗಿಲಿಗೆ ಸಿಕ್ಕಿಸಿದಳು.

"ನಿಂದೇನು ತಪ್ಪಪ್ಪಾ? ಬಾಗಿಲು ಎಷ್ಟಗಲ ಇರಬೇಕು ಅಂತ ನಮ್ಮನ್ನ ಯಾರೂ ಕೇಳಲೇ ಇಲ್ಲ."