ಸಾವಿರ ಬಟ್ಟಲಿನ ಬಣ್ಣ

ಈ ಕತೆಯನ್ನು ನನಗೆ ಮೊದಲು ಹೇಳಿದವಳು ನಮ್ಮ ದೊಡ್ಡವ್ವ ಶಿವಲಿಂಗವ್ವ. ಹೇಳುವ ಮುಂಚೆ ದೇವರಿಗೆ ಕೈಮುಗಿದು, “ಅಂಜಿದವನ ಕತಿ ಇದು, ಅವಸರ ಮಾಡಬ್ಯಾಡ” ಅನ್ನುತ್ತಿದ್ದಳು. ನಾನೂ ಕೈಮುಗಿದೇ ಬರೆಯುತ್ತೇನೆ.

ಕುಂತಳಗಿರಿ ಪಟ್ಟಣದಲ್ಲಿ ಒಂದು ಮುಂಜಾನೆ ಡಂಗುರ ಸಾರಿದರು. “ಮಹಾಜನರೇ ಕೇಳಿರಿ. ಅರಮನೆಯ ಚಿತ್ರಶಾಲೆಯಲ್ಲಿ ಸಾವಿರ ಬಟ್ಟಲು ಬಣ್ಣಗಳಿವೆ. ಬೇಕಾದ ಬಣ್ಣ ಬೇಕಾದಾಗ ಯಾರ ಕೈಗೂ ಸಿಗುತ್ತಿಲ್ಲ. ಬಣ್ಣ ಆರಿಸುವ ದಾರಿ ಬಲ್ಲವನು ದೊರೆ ಧವಳರಾಯರ ಮೂರು ಒಗಟು ಬಿಡಿಸಬೇಕು. ಬಿಡಿಸಿದವನಿಗೆ ಚಿತ್ರಶಾಲೆಯ ಯಜಮಾನಿಕೆ. ತಪ್ಪಿದವನ ತಲೆ ಸಂಜೆಗೆ ಉರುಳುತ್ತದೆ. ಬಣ್ಣ ಮುಟ್ಟುವ ಒಂದೊಂದು ಓಣಿಯಿಂದಲೂ ಒಬ್ಬ ಬರಲೇಬೇಕು.”

ನೂಲಿಗೆ ಬಣ್ಣ ಹಾಕುವವರ ಓಣಿಯಲ್ಲಿ ಚೀಟಿ ಎತ್ತಿದಾಗ ಬಂದದ್ದು ಮಲ್ಲಾರಿಯ ಹೆಸರು. ಮೊಣಕೈವರೆಗೆ ನೀಲಿ ಹತ್ತಿದ, ಜೋರಾಗಿ ಮಾತಾಡಿ ಅರಿಯದ ತರುಣ ಅವನು.

“ಯಪ್ಪಾ, ನನಗ ಅಕ್ಷರ ಬರಂಗಿಲ್ಲ,” ಅಂದ.

“ಬಣ್ಣಕ್ಕ ಅಕ್ಷರ ಯಾಕೋ?” ಅಂದ ಓಣಿಯ ಹಿರಿಯ. “ನೀ ಹೋಗದಿದ್ದರ ಓಣಿಗೇ ಬೆಂಕಿ ಹಚ್ಚತಾರ.”

ಆಸ್ಥಾನಕ್ಕೆ ಹೋಗುವ ದಾರಿಯುದ್ದಕ್ಕೂ ಮಲ್ಲಾರಿ ಶಿವನಾಮ ನೆನೆದ. ಬಾಯಿ ಒಣಗಿ ನಾಮವೂ ಅರ್ಧಕ್ಕೇ ನಿಲ್ಲುತ್ತಿತ್ತು. ಅಂಗಳದಲ್ಲಿ ತಳವಾರನೊಬ್ಬ ಕೊಡಲಿ ಮಸೆಯುತ್ತ ಕೂತಿದ್ದ. ಬಂದವರ ಮುಖ ನೋಡದೆ ಕುತ್ತಿಗೆಯನ್ನೇ ನೋಡುತ್ತಿದ್ದ.

ದೊರೆ ಮೊದಲ ಒಗಟು ಹಾಕಿದ. “ಒಂದೇ ಬಟ್ಟಲಿನ ಬೂದುಬಣ್ಣವನ್ನು ಈ ಗೋಡೆಯ ಚಿತ್ರದಲ್ಲಿ ಎರಡು ಕಡೆ ಬಳಿದೆವು. ಒಂದು ಕಡೆ ಬೆಳ್ಳಗಾಯಿತು, ಇನ್ನೊಂದು ಕಡೆ ಕಪ್ಪಗಾಯಿತು. ಮುಟ್ಟದೆಯೇ ಅದನ್ನು ಬದಲಿಸಿದ ಕಳ್ಳ ಯಾರು?”

ಚಿತ್ರ ಬರೆಯುವ ಸೋಮನಾಥ ಪಂಡಿತ ನಗುತ್ತ ಮುಂದೆ ಬಂದ. “ಬೆಳಕು, ಪ್ರಭು.”

“ಎರಡೂ ಒಂದೇ ಬಿಸಿಲಿನಲ್ಲಿವೆ. ಕಟ್ಟಿರಿ ಇವನನ್ನು.”

ಹರಳು ಮಾರುವ ಪದ್ಮಣ್ಣಶೆಟ್ಟಿ ಬೆವರು ಒರೆಸಿಕೊಂಡ. “ಕಾಲ, ಪ್ರಭು. ಒಂದು ಒಣಗಿದೆ.”

“ಎರಡೂ ಇನ್ನೂ ಹಸಿ. ಕಟ್ಟಿರಿ.”

ಮಲ್ಲಾರಿಯ ಸರದಿ ಬಂತು. ಎದ್ದ. ಹಿಂದಿನ ಸಾಲಿನಿಂದ ಯಾರೋ, “ನೀಲಿ ಕೋಳಿ ಬಂತು, ಕುಯ್ಯಿರಿ,” ಅಂದರು. ಒಂದಿಷ್ಟು ಜನ ನಕ್ಕರು. ಮಲ್ಲಾರಿ ಗೋಡೆಯ ಕಡೆಗೇ ನೋಡಿದ. ಬೆಳ್ಳಗೆ ಕಂಡ ಬೂದುಬಣ್ಣದ ಸುತ್ತ ಕಾಡಿಗೆಕಪ್ಪು, ಕಪ್ಪಗೆ ಕಂಡ ಬೂದುಬಣ್ಣದ ಸುತ್ತ ಸುಣ್ಣ.

“ಕಳ್ಳ ನೆರೆಮನೆಯವನ್ರೀ ದೊರೆ. ಪಕ್ಕದ ಬಣ್ಣ. ನಮ್ಮಲ್ಲಿ ನೂಲನ್ನ ಒಂದೇ ಹಿಡಿದು ನೋಡಿ ಯಾರೂ ಆರಿಸಂಗಿಲ್ಲ. ಅದರ ಜೋಡಿ ನೂಲಿನ ಮಗ್ಗಲಿಗೆ ಇಟ್ಟು ನೋಡತೀವಿ.”

ಕಟ್ಟಿರಿ ಅನ್ನದೆ ದೊರೆ ಎರಡನೆಯ ಒಗಟು ಹಾಕಿದ. “ಒಬ್ಬ ತಾಯಿಗೆ ಸಾವಿರ ಮಕ್ಕಳು. ಒಬ್ಬೊಬ್ಬರ ಮನೆಗೂ ಮೂರು ಬಾಗಿಲು. ಮೂರನ್ನೂ ತಟ್ಟಿದರೆ ಮಾತ್ರ ಮಗು ಹೊರಗೆ ಬರುತ್ತದೆ. ಬಾಗಿಲು ಯಾವುವು?”

ಹೊರಗೆ ಕೊಡಲಿ ಮಸೆಯುವ ಸದ್ದು ನಿಂತಿತು. ಅದು ನಿಂತದ್ದು ಮಲ್ಲಾರಿಗೆ ಇನ್ನೂ ದೊಡ್ಡ ಭಯವಾಯಿತು. ಕಣ್ಣು ಮುಚ್ಚಿ, ಗಿರಾಕಿ ಬಂದರೆ ತನ್ನ ಅವ್ವ ಏನು ಕೇಳುತ್ತಾಳೆಂದು ನೆನೆದ.

“ತಾಯಿ ನಿಮ್ಮ ಚಿತ್ರಶಾಲೆ, ಮಕ್ಕಳು ಬಣ್ಣಗಳ್ರೀ. ಬಣ್ಣ ಯಾವ ಕುಲದ್ದು, ಕೆಂಪೋ ಹಳದಿಯೋ ನೀಲಿಯೋ, ಅದು ಒಂದು ಬಾಗಿಲು. ಬೆಳಕು ಎಷ್ಟು, ಬೆಳ್ಳಗೋ ಕಪ್ಪಗೋ, ಅದು ಎರಡು. ಕಸುವು ಎಷ್ಟು, ಗಾಢವೋ ಮಾಸಲೋ, ಅದು ಮೂರು. ನಿಮ್ಮ ಬಟ್ಟಲು ಬಂದ ಹಾಗೆ ಇಟ್ಟಾರ. ಈ ಮೂರರ ಸಾಲು ಹಿಡಿದು ಇಟ್ಟರ ಕೈ ತಾನೇ ಹೋಗತೈತಿ.”

ಸಭೆಯಲ್ಲಿ ಗುಸುಗುಸು ಎದ್ದಿತು. ದೊರೆ ಕೈ ಎತ್ತಿದ. ಸೇವಕರು ಎರಡು ಬಟ್ಟಲು ತಂದಿಟ್ಟರು, ಒಂದರಲ್ಲಿ ಕೆಂಪು, ಇನ್ನೊಂದರಲ್ಲಿ ಎಲೆಹಸಿರು.

“ಗಿಡದ ತುಂಬ ಎಲೆ, ಎಲೆಯ ನಡುವೆ ಹಣ್ಣು. ಎಲ್ಲರೂ ಕಂಡರು, ಒಬ್ಬ ಕಾಣಲಿಲ್ಲ. ಅವನು ಕುರುಡನಲ್ಲ, ಕತ್ತಲೆಯೂ ಇಲ್ಲ. ಅವನಾರು? ಅವನು ಹಣ್ಣನ್ನು ಆರಿಸುವುದು ಹೇಗೆ?” ಅಂದ ದೊರೆ. “ಈ ಕೆಂಪಿನಂಥ ಹಣ್ಣು,” ಎಂದು ಬಟ್ಟಲು ತೋರಿಸಬೇಕಾದಾಗ ಮಾತ್ರ ಅವನ ಕೈ ತಡೆಯಿತು. ಪಕ್ಕದಲ್ಲಿ ನಿಂತ ಮಂತ್ರಿಯ ಬೆರಳು ಒಂದು ಬಟ್ಟಲಿನ ಕಡೆ ಮೆಲ್ಲಗೆ ವಾಲಿತು. ದೊರೆಯ ಕೈ ಅದರ ಹಿಂದೆ ಹೋಯಿತು.

ಮಲ್ಲಾರಿ ಅದನ್ನು ಕಂಡ. ದೊರೆಗೆ ಕೆಂಪು ಹಸಿರು ಒಂದೇ. ಹೇಳಿದರೆ ರಾಜನಿಂದೆ, ತಲೆ ಹೋಗುತ್ತದೆ. ಹೇಳದಿದ್ದರೆ ಒಗಟು ತಪ್ಪಿ, ಆಗಲೂ ಹೋಗುತ್ತದೆ. ‘ಶಿವನೇ, ಸುಳ್ಳಾಡಿಸಬೇಡ, ಸಾಯಿಸಲೂ ಬೇಡ’ ಎಂದು ಬೇಡಿಕೊಂಡ.

“ಆ ಒಬ್ಬ ನಮ್ಮಪ್ಪ, ದೊರೆ,” ಅಂದ.

ದೊರೆ ಸಿಂಹಾಸನದಲ್ಲೇ ಮುಂದಕ್ಕೆ ಬಾಗಿದ.

“ನಿನ್ನಪ್ಪ ದಡ್ಡನೇನು?”

“ಅಲ್ಲರೀ. ಅವನಷ್ಟು ಗಟ್ಟಿ ಬಣ್ಣ ಓಣಿಯಾಗ ಯಾರೂ ಹಾಕಂಗಿಲ್ಲ. ಖರೆ ಅವನ ಕಣ್ಣಿಗೆ ಕೆಂಪು ಹಸಿರು ಅಣ್ಣತಮ್ಮ. ಒಂದು ಸಲ ಮಠದ ಕೆಂಪು ನಿಶಾನೆಯನ್ನ ಎಲೆಹಸಿರಿಗೆ ಅದ್ದಿಬಿಟ್ಟ. ಜನ ಹೊಡೆದರು. ಸ್ವಾಮಿಗಳು ಬಿಡಿಸಿ, ‘ದೇವರು ಕೊಟ್ಟ ಕಣ್ಣು, ಅದಕ್ಕ ಅವನನ್ನ ಯಾಕ ಬಡೀತೀರಿ’ ಅಂದರು. ಅವತ್ತಿನಿಂದ ನಮ್ಮವ್ವ ಗಡಿಗೆಯ ಕೊರಳಿಗೆ ಎಳೆ ಕಟ್ಟತಾಳ. ಕೆಂಪಿಗೆ ಒಂದು ಗಂಟು, ಹಸಿರಿಗೆ ಎರಡು, ನೀಲಿಗೆ ಮೂರು. ಅಪ್ಪ ಬೆರಳಿನಿಂದ ಆರಿಸತಾನ. ಬಣ್ಣ ಕಣ್ಣಿಗೆ ಸಿಗದವನಿಗೆ ಅದು ಇನ್ನೊಂದು ಗುರುತು ಹೊತ್ತು ಬರಬೇಕ್ರೀ.”

ಮಲ್ಲಾರಿ ತನ್ನ ಕುತ್ತಿಗೆಯ ಮೇಲೆ ಗಾಳಿ ಆಡಿದ್ದಕ್ಕೂ ಬೆಚ್ಚಿದ.

“ಕಟ್ಟು,” ಅಂದ ದೊರೆ.

ಕೊರಳಿಗೆ ಹಗ್ಗ ಕಟ್ಟಲು ಹೇಳಿದನೆಂದೇ ಮಲ್ಲಾರಿ ತಿಳಿದ. ದೊರೆ ಬಟ್ಟಲುಗಳ ಕಡೆ ತೋರಿಸಿದಾಗ ಉಸಿರು ಬಂತು. ತನ್ನ ಧೋತರದ ಅಂಚಿನಿಂದ ಎಳೆ ಕಿತ್ತು, ಗಂಟು ಹಾಕಿ ಕಟ್ಟಿದ. ದೊರೆ ಮುಖ ತಿರುಗಿಸಿಕೊಂಡು ಬಟ್ಟಲುಗಳನ್ನು ಅದಲುಬದಲು ಮಾಡಿಸಿ, ಸಿಂಹಾಸನದಿಂದ ಇಳಿದು ಎಳೆ ತಡವಿದ. “ಇದು ಕೆಂಪು,” ಅಂದ. ಈ ಸಲ ಮಂತ್ರಿಯ ಎರಡೂ ಕೈ ಬೆನ್ನ ಹಿಂದೆ ಇದ್ದವು. “ಹೌದು ಪ್ರಭು,” ಅಂದ ಅವನು.

“ಮೂರೂ ಬಿಡಿಸಿದೆ,” ಅಂದ ದೊರೆ. “ಚಿತ್ರಶಾಲೆ ನಿನ್ನದು. ಬಟ್ಟಲುಗಳನ್ನು ಸಾಲು ಹಿಡಿದು ಇಡು. ಒಂದೊಂದಕ್ಕೂ ಎಳೆ ಕಟ್ಟು. ಗೋಡೆಗೆ ಬಳಿಯುವ ಮುಂಚೆ ನೆರೆಬಣ್ಣದ ಮಗ್ಗಲಿಗೆ ಇಟ್ಟು ನೋಡುವುದು ಇಂದಿನಿಂದ ಕಟ್ಟಳೆ. ಇನ್ನೇನು ಬೇಕು?”

“ನೀವು ಕಟ್ಟಿಸಿದವರನ್ನ ಬಿಡ್ರಿ. ಸಾವಿರ ಬಟ್ಟಲಿಗೆ ನನ್ನವು ಎರಡೇ ಕೈ.”

ಹಗ್ಗ ಬಿಚ್ಚಿದರು. ಅಷ್ಟರಲ್ಲಿ ಮಲ್ಲಾರಿಯ ಕಾಲು ಪೂರ್ತಿ ಸೋತು ಅವನು ನೆಲಕ್ಕೆ ಕೂತುಬಿಟ್ಟ. ಏಳಲು ನೋಡಿದ, ಆಗಲಿಲ್ಲ. ಆಗ ಧವಳರಾಯ ಅವನ ಪಕ್ಕದಲ್ಲಿ ನೆಲದ ಮೇಲೆಯೇ ಕೂತು, “ನನಗೂ ಇಷ್ಟು ವರ್ಷ ಹೀಗೇ ಅಂಜಿಕೆ ಇತ್ತು,” ಎಂದು ಅವನೊಬ್ಬನಿಗೆ ಕೇಳುವಂತೆ ಹೇಳಿ, ಚಿತ್ರಶಾಲೆಯ ಬೀಗದ ಕೈಯನ್ನು ಆ ನೀಲಿ ಅಂಗೈಯಲ್ಲಿಟ್ಟ.

ಓದಿದವರೇ, ಈ ಕತೆಯನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ಕಾಣದ್ದನ್ನು ಕಂಡೆನೆಂದು ಅಂಜಿ ಹೇಳುವವರು ಒಂದೊಂದು ಮನೆಯಲ್ಲೂ ಇರುತ್ತಾರೆ. ಅಂಥವರ ಪಕ್ಕ ಕೂತು, ಅವಸರ ಮಾಡದೆ, ಈ ಕತೆ ಹೇಳಿ.