ಹಗ್ಗದ ಮೇಲಿಟ್ಟ ಕಾಲು

"ಸರ್, ಜೀನನ್ನು ನೋಡಿ ಆರ್‌ಎನ್‌ಎ ಎಳೆ ಹೊಸೆಯುವ ಕೆಲಸ ಶುರುವಾಗುತ್ತದೆ. ತುಸು ದೂರ ಸಾಗಿತೋ ಇಲ್ಲವೋ, ಒಂದು ಪ್ರೋಟೀನು ಬಂದು ತಡೆಯುತ್ತದೆ. ಇಂಥ ಅಡ್ಡಗಾಲನ್ನು ಜೀವಕೋಶ ಯಾಕೆ ಸಾಕಿಕೊಂಡಿದೆ?" ಎಂದು ತಿಪ್ಪೇಶ ಕೇಳಿದ.

ವೃಷಭೇಂದ್ರ ಮೇಷ್ಟ್ರಿಗೆ ಇಂಥ ಪ್ರಶ್ನೆ ಸಿಕ್ಕರೆ ಹಬ್ಬ. ಒಬ್ಬ ಹೆಂಗಸೂ ಹೀಗೇ ಅಡ್ಡಗಾಲಿಟ್ಟಳು, ಆಮೇಲೆ ಏನಾಯಿತು ಊಹಿಸು ನೋಡೋಣ ಎಂದರು. ಒದ್ದು ಓಡಿಸಿರಬೇಕು ಎಂದ ತಿಪ್ಪೇಶ. ಮೇಷ್ಟ್ರು ನಕ್ಕು ಕತೆ ಹೇಳಿದರು.

ಹೊಳೆಯ ದಂಡೆಯಲ್ಲಿ ಒಬ್ಬ ವ್ಯಾಪಾರಿ ತನ್ನ ದೋಣಿಗೆ ಹಗ್ಗ ಹೊಸೆಸುತ್ತಿದ್ದ. ಕೆಲಸಕ್ಕೆ ಬಂದವರು ಆ ಹೆಂಗಸಿನ ಮನೆಯವರು. ಗಂಡ ಹುರಿ ಹೊಸೆಯುವ ಚಕ್ರ ತಿರುಗಿಸುತ್ತಿದ್ದ. ಹಗ್ಗ ಒಂದು ಮೊಳ ಬೆಳೆದೊಡನೆ ಹೆಂಡತಿ ಅದರ ಮೇಲೆ ಕಾಲಿಟ್ಟು ನಿಲ್ಲಿಸಬೇಕು, ಮೈದುನ ಹುರಿಗಳನ್ನು ಬಿಗಿಹಿಡಿಯಬೇಕು. ಅಂಬಿಗ ಬಂದು ಮೊದಲ ತುದಿಗೆ ಗಂಟು ಹಾಕಿ ಅವಳ ಹೆಗಲು ತಟ್ಟಿದ ಮೇಲೆಯೇ ಮುಂದಿನ ಕೆಲಸ. ಗಂಟಿಲ್ಲದ ಹಗ್ಗ ಎಷ್ಟುದ್ದ ಬೆಳೆದರೇನು, ತುದಿಯಿಂದಲೇ ಬಿಚ್ಚಿಕೊಳ್ಳುತ್ತದೆ.

ಅಂದು ಅಂಬಿಗ ತಡಮಾಡಿದ. ಹೊಳೆ ಏರುತ್ತಿತ್ತು. ವ್ಯಾಪಾರಿಗೆ ಆಚೆ ದಡದ ಸರಕಿನ ಚಿಂತೆ. ಈಕೆಯ ಪಾದಪೂಜೆ ಮಾಡಿದರೇ ಹಗ್ಗ ಬೆಳೆಯುವುದೇನೋ ಎಂದು ಹಂಗಿಸಿದ. ಕಾಲು ತೆಗೆಯದಿದ್ದರೆ ನಾಳೆಯಿಂದ ನಿನಗಿಲ್ಲಿ ಕೆಲಸವಿಲ್ಲ ಎಂದ.

"ನಾಳೆಯ ಕೆಲಸ ನಿಮ್ಮದು ಧಣಿ, ಈ ಹೊತ್ತಿನ ಕಾಲು ನನ್ನದು," ಎಂದಳು ಅವಳು.

ತೆಗೆಯಲಿಲ್ಲ. ಅಂಬಿಗ ಬಂದ, ಗಂಟು ಹಾಕಿದ, ಹೆಗಲು ತಟ್ಟಿದ. ಮೈದುನ ಕೈಬಿಟ್ಟು ಮನೆಗೆ ಹೋದ. ಅವಳು ಹೋದಳೇ? ಇಲ್ಲ. ಹುರಿಗಳ ನಡುವೆ ಕೈಯಿಟ್ಟು, ತೊಡಕು ಬಿಡಿಸುತ್ತಾ, ಹಗ್ಗ ಮುಗಿಯುವ ತನಕ ಅದರ ಜೊತೆಗೇ ನಡೆದಳು.

ನಿನ್ನ ಪ್ರೋಟೀನೂ ಹಾಗೆಯೇ ಎಂದರು ಮೇಷ್ಟ್ರು. ಆರ್‌ಎನ್‌ಎ ಎಳೆಯ ಮೊದಲ ತುದಿಗೆ ಟೊಪ್ಪಿಗೆ, ಅಂದರೆ ಅದನ್ನು ಕಾಯುವ ರಾಸಾಯನಿಕ ಗಂಟು, ಬೀಳಲೆಂದು ತಡೆಯುತ್ತದೆ. ಟೊಪ್ಪಿಗೆಯಿಲ್ಲದ ಎಳೆಯನ್ನು ಕೋಶವೇ ಕಡಿದುಹಾಕುತ್ತದೆ. ಇನ್ನೊಂದು ಪ್ರೋಟೀನು ಬಂದು ಹೆಗಲು ತಟ್ಟಿದಂತೆ ಅದಕ್ಕೆ ಫಾಸ್ಫೇಟ್ ಅಂಟಿಸಿತೋ, ಜೊತೆಗೆ ಬಿಗಿಹಿಡಿದಿದ್ದ ಮೈದುನನಂಥ ಪ್ರೋಟೀನು ಕಳಚಿ ಹೋಗುತ್ತದೆ, ತಡೆದದ್ದೇ ಜೊತೆಗಾರನಾಗಿ ಮುಂದಕ್ಕೆ ನಡೆಯುತ್ತದೆ.

"ಅವಳ ಕೆಲಸ ಉಳಿಯಿತೇ ಸರ್?"

ಇಲ್ಲ, ವ್ಯಾಪಾರಿ ಆಡಿದಂತೆಯೇ ಮಾಡಿದ, ಮರುದಿನವೇ ಬಿಡಿಸಿದ ಎಂದರು.

"ಹಾಗಾದರೆ ಕಾಲಿಟ್ಟು ಅವಳು ಗೆದ್ದದ್ದೇನು?"

"ನೆರೆಯಲ್ಲಿ ಆ ಹಗ್ಗ ಹಿಡಿದು ವ್ಯಾಪಾರಿಯ ದೋಣಿ ದಡ ಸೇರಿದ್ದು ಹುಣ್ಣಿಮೆಯಂದು, ಆದರೆ ಅವನ ಜೀವ ಉಳಿದದ್ದು ಅವಳು ಕಾಲು ತೆಗೆಯದೆ ನಿಂತ ಶ್ರಾವಣ ಶುದ್ಧ ದಶಮಿ, ಬುಧವಾರ."