ನಗಾರಿ ಇಟ್ಟ ಮನೆ

"ಗುರುಗಳೇ, ಆ ಮಹಾಯುದ್ಧ ಯಾಕಾಯಿತು?" ಎಂದು ಮರುಳಯ್ಯ ಕೇಳಿದ. "ನಾಲ್ಕು ವರ್ಷ ಅಲ್ಲೇ ಇದ್ದೆ. ಕುದುರೆಗಳಿಗೆ ನೀರು ಕುಡಿಸಿದೆ, ಹೆಣ ಹೊತ್ತೆ. ಈ ಕಡೆ ಇಷ್ಟು ದೇಶ, ಆ ಕಡೆ ಅಷ್ಟು ದೇಶ. ಯಾರಿಗೆ ಯಾರ ಮೇಲೆ ಏನು ಸಿಟ್ಟು ಅಂತ ಕೊನೆಗೂ ತಿಳಿಯಲಿಲ್ಲ. ಅದು ಮತ್ತೆ ಬರುತ್ತದೆಯೇ?"

ಮರುಳಯ್ಯ ಸೈನ್ಯದ ಕುದುರೆಗಳ ಜೊತೆ ಹಡಗು ಹತ್ತಿ ಹೋಗಿ, ಯುದ್ಧ ಮುಗಿದ ಮೇಲೆ ಬಂದು ಮಠ ಸೇರಿದವನು. ಗುರುಗಳು ಓದುತ್ತಿದ್ದ ಪುಸ್ತಕವನ್ನು ಪಕ್ಕಕ್ಕಿಟ್ಟರು. "ಕೂತುಕೋ" ಎಂದು ಕತೆ ಶುರು ಮಾಡಿದರು.

ಒಂದು ಹೊಳೆ. ಅದರ ಪೂರ್ವದ ದಂಡೆಯಲ್ಲಿ ಎಂಟು ಊರು, ಪಶ್ಚಿಮದ ದಂಡೆಯಲ್ಲಿ ಒಂಬತ್ತು ಊರು. ಪೂರ್ವದ ಎಂಟು ಊರಿನ ಗೌಡರು ವರ್ಷಕ್ಕೊಮ್ಮೆ ಒಂದೆಡೆ ಸೇರಿ ಉಪ್ಪು ಮುಟ್ಟಿ ಆಣೆ ಮಾಡುತ್ತಿದ್ದರು. ನಮ್ಮಲ್ಲಿ ಯಾವ ಊರಿನ ನಗಾರಿ ಕೇಳಿಸಿದರೂ ಉಳಿದವರು ಆಯುಧ ಹಿಡಿದು ಓಡಿ ಬರಬೇಕು. ಕಾರಣವನ್ನು ಬಂದ ಮೇಲೆ ಕೇಳಬಹುದು, ಬರುವ ಮುಂಚೆ ಕೇಳಬಾರದು. ಮುಂಚೆ ಕೇಳಿದವನು ಹೇಡಿ. ಆಚೆ ದಂಡೆಯ ಒಂಬತ್ತು ಊರಿನವರೂ ಇದೇ ಆಣೆ ಮಾಡುತ್ತಿದ್ದರು. ಇವರು ಮಾಡಿದರೆಂದು ಅವರು, ಅವರು ಮಾಡಿದರೆಂದು ಇವರು. ಆ ಗೌಡರೆಲ್ಲ ಬುದ್ಧಿವಂತರೆಂದು ಹೆಸರಾದವರು. ಅವರನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಒಂದು ಸಂತೆಯ ದಿನ ಪೂರ್ವದ ದೊಡ್ಡ ಊರಿನ ಗೌಡನ ಮಗನಿಗೆ ಪಶ್ಚಿಮದ ಒಂದು ಚಿಕ್ಕ ಊರಿನ ತರುಣ ಕಲ್ಲು ಹೊಡೆದ. ಗೌಡನ ಮಗ ಸತ್ತ. ಗೌಡ ಆ ಚಿಕ್ಕ ಊರಿಗೆ ಹತ್ತು ಷರತ್ತು ಹೇಳಿ ಕಳಿಸಿದ. ಅವರು ಹೆದರಿ ಒಂಬತ್ತನ್ನು ಒಪ್ಪಿದರು. ನಮ್ಮವರು ಬಂದು ನಿಮ್ಮ ಚಾವಡಿಯಲ್ಲಿ ಕೂತು ವಿಚಾರಣೆ ನಡೆಸುತ್ತಾರೆ ಎಂಬುದು ಹತ್ತನೆಯದು. ಅದೊಂದು ಬೇಡ ಎಂದರು. ಹತ್ತರಲ್ಲಿ ಒಂಬತ್ತು ಸಿಕ್ಕಿದ ಮೇಲೆ ಯಾರಾದರೂ ಕೂತು ಮಾತಾಡುತ್ತಾರೆ. ಗೌಡ ನಗಾರಿ ಹೊಡೆಸಿದ.

ಎಂಟು ಊರಿನವರೂ ಓಡಿ ಬಂದರು. ಅವರು ಬರುವುದನ್ನು ಕಂಡು ಚಿಕ್ಕ ಊರು ತನ್ನ ನಗಾರಿ ಹೊಡೆಯಿತು. ಒಂಬತ್ತು ಊರಿನವರೂ ಓಡಿ ಬಂದರು. ಒಬ್ಬ ತಂದೆಯ ದುಃಖ ಒಂದೇ ವಾರದಲ್ಲಿ ಹದಿನೇಳು ಊರಿನ ಯುದ್ಧವಾಯಿತು.

ಪಶ್ಚಿಮದ ಕಟ್ಟಕಡೆಯ ಊರಿನಲ್ಲಿ ಕಂಬಳಿ ನೇಯುವ ಒಬ್ಬ ವಿಧವೆ ಇದ್ದಳು. ಅವಳ ಇಬ್ಬರು ಮಕ್ಕಳೂ ಹೊರಟು ನಿಂತರು. ಅವಳು ತನ್ನೂರಿನ ಗೌಡನನ್ನು ತಡೆದು ಕೇಳಿದಳು.

"ಯಾಕೆ ಹೋಗ್ತಿದಾರೆ ಗೌಡ್ರೇ?"

"ಉಪ್ಪು ಮುಟ್ಟಿದೀವಿ ಕಣವ್ವ, ಕೇಳೋ ಹಾಗಿಲ್ಲ. ರಾಗಿ ಕೊಯ್ಲಿಗೆ ಬಂದುಬಿಡ್ತಾರೆ ಬಿಡು."

ನಾಲ್ಕು ಕೊಯ್ಲು ಕಳೆಯಿತು. ಚಿಕ್ಕ ಊರಿನ ಹೊಲದಲ್ಲಿ ಇವರೊಂದು ಕಂದಕ, ಅವರೊಂದು ಕಂದಕ ತೋಡಿಕೊಂಡು ಕೂತರು. ಇವರು ನೂರು ಹೆಜ್ಜೆ ಮುಂದೆ ಹೋದರೆ ನೂರು ಹೆಣ ಬೀಳುತ್ತಿತ್ತು. ಮರುದಿನ ಅವರು ಅದೇ ನೂರು ಹೆಜ್ಜೆ ಹಿಂದಕ್ಕೆ ತಳ್ಳುತ್ತಿದ್ದರು, ಮತ್ತೆ ನೂರು ಹೆಣ. ಮೊದಲ ವರ್ಷದ ಸಂಕ್ರಾಂತಿಗೆ ಎರಡೂ ಕಂದಕದವರು ಮೇಲೆ ಹತ್ತಿ ಬಂದು ಎಳ್ಳು ಬೆಲ್ಲ ಹಂಚಿಕೊಂಡರು. ಮಕ್ಕಳೆಷ್ಟು, ಎಮ್ಮೆ ಕರು ಹಾಕಿತೇ ಎಂದು ಒಬ್ಬರನ್ನೊಬ್ಬರು ಕೇಳಿದರು. ಸುದ್ದಿ ಗೌಡರಿಗೆ ಮುಟ್ಟಿತು. ಮುಂದಿನ ಸಂಕ್ರಾಂತಿಗೆ ಎಳ್ಳು ಕೊಟ್ಟವನ ಕೈ ಮುರಿಯುತ್ತೇವೆಂದು ಎರಡೂ ಕಡೆಯ ಗೌಡರು ಡಂಗುರ ಸಾರಿಸಿದರು. ಅದೊಂದು ವಿಷಯದಲ್ಲಿ ಮಾತ್ರ ಅವರಿಗೆ ಒಮ್ಮತವಿತ್ತು.

ಮೂರನೆಯ ವರ್ಷ, ನಮಗ್ಯಾಕೆ ಎಂದು ದೂರ ಕೂತಿದ್ದ ಬೆಟ್ಟದಾಚೆಯ ದೊಡ್ಡ ಊರೊಂದು ಪಶ್ಚಿಮದವರ ಜೊತೆ ಸೇರಿತು. ಅಷ್ಟರಲ್ಲಿ ಪೂರ್ವದವರ ಕಣಜ ಬರಿದಾಗಿತ್ತು. ಮನೆಗಳಿಂದ ಬುತ್ತಿ ಬರುವುದು ನಿಂತಿತು. ಹಸಿದವರು ಒಬ್ಬೊಬ್ಬರಾಗಿ ಕಂದಕ ಬಿಟ್ಟು ಮನೆಯ ದಾರಿ ಹಿಡಿದರು. ನಾಲ್ಕನೆಯ ವರ್ಷ ಒಂದು ಬೆಳಿಗ್ಗೆ ಪೂರ್ವದ ದೊಡ್ಡ ಗೌಡ ಬರಿಗೈಯಲ್ಲಿ ಬಂದು ನಿಂತು, ಸಾಕು ಎಂದ. ಅಷ್ಟೇ. ಆ ಮಾತನ್ನು ಅವನು ಮೊದಲ ದಿನವೇ ಹೇಳಬಹುದಿತ್ತು.

ಕಂಬಳಿಯವಳ ಇಬ್ಬರು ಮಕ್ಕಳೂ ಮರಳಲಿಲ್ಲ. ಹಿರಿಯವನ ಮೂರು ವರ್ಷದ ಕೂಸೊಂದು, ತಾಯಿಯೂ ಇಲ್ಲದ್ದು, ಅವಳ ಕೈಯಲ್ಲಿ ಉಳಿಯಿತು.

ಗೆದ್ದ ಗೌಡರು ಅವಳ ಊರಿನ ಚಾವಡಿಯಲ್ಲಿ ಸೇರಿದರು. ಇಂಥದ್ದು ಇನ್ನೊಮ್ಮೆ ಆಗಬಾರದು ಎಂದು ಮೂರು ದಿನ ತಲೆ ಕೆಡಿಸಿಕೊಂಡು, ಊರಿಗೊಂದು ಇನ್ನೂ ದೊಡ್ಡ ನಗಾರಿ ಮಾಡಿಸಬೇಕೆಂದು ತೀರ್ಮಾನಿಸಿದರು. ನಗಬೇಡ ಮರುಳಯ್ಯ, ದೊಡ್ಡವರ ಸಭೆಗಳು ಹಾಗೇ. ಆಗ ಆ ಹೆಂಗಸು ಕೂಸನ್ನು ಎತ್ತಿಕೊಂಡು ಒಳಗೆ ಬಂದಳು.

"ನಗಾರೀನ ಇನ್ನು ಚಾವಡೀಲಿ ಇಡಬೇಡಿ, ನಮ್ಮನೇಲಿ ಇಡಿ" ಎಂದಳು.

"ನಿಮ್ಮನೇಲಿ ಯಾಕವ್ವ?"

"ಇಬ್ಬರು ಮಲಗೋ ಜಾಗ ಖಾಲಿ ಬಿದ್ದಿದೆ. ಹೊಡೀಬೇಕು ಅನ್ನೋರು ಬಂದು ಆ ಜಾಗದಲ್ಲಿ ಕೂರಲಿ. ಯಾಕೆ ಅಂತ ನನಗೆ ಅರ್ಥ ಆಗೋ ಹಾಗೆ ಹೇಳಲಿ. ಆಮೇಲೆ ಹೊಡೀಲಿ."

ಯಾರಿಗೂ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. ನಗಾರಿಯನ್ನು ಅವಳ ಮನೆಗೆ ಹೊತ್ತು ತಂದರು. ಸುದ್ದಿ ಹೊಳೆ ದಾಟಿತು. ಪೂರ್ವದಲ್ಲೂ ಮಕ್ಕಳನ್ನು ಕಳೆದುಕೊಂಡ ತಾಯಂದಿರು ಹೀಗೇ ಕೇಳಿದರು. ಎಲ್ಲ ಊರೂ ಒಪ್ಪಲಿಲ್ಲ, ನಾಲ್ಕೈದು ಊರಿನ ಗೌಡರು ಮೂಗು ಮುರಿದರು. ಉಳಿದ ಊರುಗಳಲ್ಲಿ ನಗಾರಿ ಅಂಥ ಮನೆ ಸೇರಿತು.

ಇಪ್ಪತ್ತು ವರ್ಷ ಕಳೆದವು. ಒಂದು ಮಧ್ಯಾಹ್ನ ಪಶ್ಚಿಮದ ಅಂಬಿಗನೊಬ್ಬನ ದೋಣಿ ಬರಿದಾಗಿ ತೇಲಿ ಬಂತು. ಪೂರ್ವದವರು ಅವನನ್ನು ಹೊಡೆದು ಹೊಳೆಗೆ ನೂಕಿದರು ಎಂದು ಯಾರೋ ಕೂಗಿದರು. ಕಂಬಳಿಯವಳ ಊರಿನ ಹೊಸ ಗೌಡ ಉರಿಯುತ್ತಾ ಅವಳ ಮನೆಗೆ ನುಗ್ಗಿದ. ಅವಳ ಮೊಮ್ಮಗ ಆಗಲೇ ಈಟಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಮುದುಕಿ ಅವನನ್ನು ನೋಡಿದಳು. ನಗಾರಿ ಒಂದು ಸಲ ಸದ್ದು ಮಾಡಿದರೆ ಅವಳಿಗೆ ಉಳಿದಿದ್ದ ಇವನೊಬ್ಬನೂ ಹೋಗುತ್ತಿದ್ದ.

"ಕೂತ್ಕೋ ಗೌಡ, ಹೇಳು" ಎಂದಳು.

ಗೌಡ ಕೂತು ಹೇಳಿದ. ಹೊಡೆದದ್ದನ್ನು ಯಾರು ನೋಡಿದರು ಎಂದು ಅವಳು ಕೇಳಿದಳು. ಅವನಿಗೆ ಗೊತ್ತಿರಲಿಲ್ಲ. "ನನಗೆ ಅರ್ಥ ಆಗಲಿಲ್ಲಪ್ಪ, ಇನ್ನೊಂದು ಸಲ ಹೇಳು." ಎರಡನೆಯ ಸಲ ಹೇಳುವಾಗ ಅವನ ದನಿ ಇಳಿಯಿತು. ಮೂರನೆಯ ಸಲ ಮಾತು ನಡುವೆಯೇ ನಿಂತಿತು. ತಾನು ಕೂತ ಜಾಗದಲ್ಲಿ ಮಲಗುತ್ತಿದ್ದವರು ಯಾರೆಂದು ಅವನಿಗೆ ಗೊತ್ತಿತ್ತು. ನೀರು ಕೇಳಿ ಕುಡಿದ. "ಒಂದು ಸಲ ಆಚೆ ದಂಡೆಗೆ ಹೋಗಿ ಕೇಳಿ ಬರ್ತೀನವ್ವ" ಎಂದು ಎದ್ದ.

ಆಚೆ ದಂಡೆಯ ಒಂದು ಮನೆಯ ಜಗಲಿಯಲ್ಲಿ ಅಂಬಿಗ ಬಿಸಿ ಗಂಜಿ ಕುಡಿಯುತ್ತಾ ಕೂತಿದ್ದ. ಕಾಲು ಜಾರಿ ಬಿದ್ದವನನ್ನು ಪೂರ್ವದವರೇ ದಡಕ್ಕೆ ಎಳೆದು ಹಾಕಿ ಬದುಕಿಸಿದ್ದರು. ಗೌಡನಿಗೂ ಒಂದು ಬಟ್ಟಲು ಗಂಜಿ ಕೊಟ್ಟರು. ಇತ್ತ ಮೊಮ್ಮಗ ಈಟಿಯನ್ನು ಸೂರಿಗೆ ಸಿಕ್ಕಿಸಿ ಊಟಕ್ಕೆ ಕೂತ. ಮುದುಕಿ ಅವನಿಗೆ ಬಡಿಸುತ್ತಾ ಬಡಿಸುತ್ತಾ ಅತ್ತಳು.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯನ ಮುಖ ಸ್ವಲ್ಪ ಅರಳಿತ್ತು, ಆದರೂ ಅವನಿಗೆ ಸಮಾಧಾನವಾಗಿರಲಿಲ್ಲ.

"ಆ ಮುದುಕಿ ಎಷ್ಟು ದಿನ ಇರ್ತಾಳೆ ಗುರುಗಳೇ? ಆ ಯುದ್ಧ ಕಂಡವರೆಲ್ಲ ಸತ್ತ ಮೇಲೆ, ನಗಾರಿ ಹೊಡೆಯೋಕೆ ಬಂದವರನ್ನು ಕೂರಿಸಿಕೊಂಡು ಕೇಳೋರು ಯಾರು?"

ಗುರುಗಳು ಅವನನ್ನೇ ನೋಡಿದರು. "ನೀನು ಬದುಕಿ ಬಂದಿದ್ದೀಯಲ್ಲ, ಮರುಳಯ್ಯ" ಎಂದರು.